ಕುಂದಾ ಡಬ್ಬಿಯ ತುಕಡಿಗಳು

ಪ್ರೀತಿಯ ಅತ್ತೆ,

"ಚಿತ್ರಾ ನೋಡಿ ಇಡಬ್ಯಾಡ..." ಅಂದಿರಿ. ಆಮೇಲೆ ಏನಂದಿರಿ? ಇಡಬ್ಯಾಡ ಅಂದಿರೋ, ಕೂಡಿಸಬ್ಯಾಡ ಅಂದಿರೋ, ಅದೂ ಈಗ ಖಾತ್ರಿಯಿಲ್ಲ. ಆದರೆ ಅದು ಇಡೀ ಮಾತಲ್ಲ ಎನ್ನುವುದು ಮಾತ್ರ ಗೊತ್ತು. ನೀವು ಮಾತನ್ನು ಅರ್ಧಕ್ಕೆ ಬಿಡುವವರೇ ಅಲ್ಲ. ಅವತ್ತು ಮಧ್ಯಾಹ್ನ ನಿಮ್ಮ ಮಂಚದ ಪಕ್ಕದಲ್ಲಿ ನಿಂತು ಹೊದಿಕೆ ಮಡಚುತ್ತಿದ್ದೆ. ನೀವು ಬಾಯಿ ತೆರೆದಿರಿ, ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು. ಒಲೆ ಆರಿಸಿ ಬರುವಷ್ಟರಲ್ಲಿ ನೀವು ಗೋಡೆಗೆ ಮುಖ ಮಾಡಿ ಮಲಗಿದ್ದಿರಿ. ಎಬ್ಬಿಸಿ ಕೇಳಲಿಲ್ಲ. ನಾಳೆ ಕೇಳಿದರಾಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ನಿಮ್ಮನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಅಲ್ಲಿಂದ ನೀವು ಮರಳಲಿಲ್ಲ. ಕವಿತೆಯ ಸಾಲೊಂದು ಅರ್ಧ ನೆನಪಾದರೆ ಪುಸ್ತಕ ತೆಗೆದು ನೋಡುತ್ತೇನೆ. ನಿಮ್ಮ ಸಾಲನ್ನು ಎಲ್ಲಿ ತೆಗೆದು ನೋಡಲಿ? ಅದಕ್ಕಿಂತ ಹೆಚ್ಚಾಗಿ, ಆ ಮಾತು ಹೇಳುವಾಗ ಎದುರಿಗೆ ನಿಂತವಳು ನಾನು ಎಂದು ನಿಮಗೆ ಗೊತ್ತಿತ್ತೇ? ವರ್ಷವಿಡೀ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ.

ಖಾನಾಪುರಕ್ಕೆ ನಾನು ಸೊಸೆಯಾಗಿ ಬಂದ ಹೊಸತು ನೆನಪಾಗುತ್ತದೆ. ಧಾರವಾಡದ ಹಾಸ್ಟೆಲಿನಿಂದ ತಂದ ಟ್ರಂಕನ್ನು ಬಿಚ್ಚಿದಾಗ ಪುಸ್ತಕಗಳ ತಳದಲ್ಲಿ ಚೂರು ಜೋಡಿಸುವ ಜಿಗ್ಸಾ ಆಟದ ಒಂದು ಡಬ್ಬಿ ಇತ್ತು. ಹಿಮದ ಬೆಟ್ಟದ ಚಿತ್ರ, ಗೆಳತಿಯ ಉಡುಗೊರೆ. ನೀವು ಮುಚ್ಚಳದ ಚಿತ್ರ ನೋಡಿದಿರಿ, ಆಮೇಲೆ ಒಳಗೆ ನೋಡಿದಿರಿ.

"ಅಯ್ಯ ಶಿವನ, ಇದನ್ಯಾರವಾ ಒಡದವರು?"

"ಯಾರೂ ಒಡದಿಲ್ರೀ ಅತ್ತಿ. ಅಂಗಡ್ಯಾಗ ಹಿಂಗ ಮಾರ್ತಾರ. ನಾವು ಕೂಡಿಸಬೇಕು."

"ಒಡದದ್ದಕ್ಕ ರೊಕ್ಕಾ ಕೊಟ್ಟು ತಗೋತಾರ?" ಎಂದವರೇ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಾವನವರಿಗೆ ಕೂಗಿ ಹೇಳಿದಿರಿ: "ಕೇಳಿದ್ರೇನ್ರಿ? ಎಂ.ಎ. ಕಲತ ಸೊಸಿ ಬರ್ತಾಳ ಅಂದ್ರಿ. ಒಡದ ಗುಡ್ಡಾ ಕಟಗೊಂಡು ಬಂದಾಳ ನೋಡ್ರಿ!"

ನಾನು ನಾಚಿಕೆಯಿಂದ ಡಬ್ಬಿ ಮುಚ್ಚಿಟ್ಟೆ. ಸಂಜೆ ನೀರು ತುಂಬಿಕೊಂಡು ಬಂದು ನೋಡಿದರೆ ನೀವು ನೆಲದ ಮೇಲೆ ಕೂತು ಎರಡು ತುಕಡಿ ಹಿಡಿದು ಒತ್ತುತ್ತಿದ್ದಿರಿ. ಅವು ಟಕ್ಕನೆ ಕೂಡಿಕೊಂಡವು. ನಿಮ್ಮ ಮುಖದಲ್ಲಿ ಆಗ ಮೂಡಿದ ಕಳೆ... ಆ ದಿನದಿಂದ ಅದು ನನ್ನ ಆಟವಾಗಿ ಉಳಿಯಲಿಲ್ಲ. ಜಿಗ್ಸಾ ಎನ್ನುವ ಹೆಸರು ನಿಮಗೆ ರುಚಿಸಲಿಲ್ಲ. ನಿಮ್ಮ ಬಾಯಲ್ಲಿ ಅದು ಕೊನೆಯವರೆಗೂ ತುಕಡಿ ಆಟ.

ಮೊದಲ ಮಳೆಗಾಲದಲ್ಲಿ ಆ ರಟ್ಟಿನ ಡಬ್ಬಿ ಬೂಸಲು ಹಿಡಿದದ್ದು ನೆನಪಿದೆಯೇ? ಖಾನಾಪುರದ ಮಳೆಗೆ ಗೋಡೆಗಳೇ ಬೆವರುತ್ತವೆ, ರಟ್ಟು ಯಾವ ಲೆಕ್ಕ? ತುಕಡಿಗಳು ಉಬ್ಬಿ ಒಂದರೊಳಗೊಂದು ಕೂಡದಾದವು. ಒಲೆಯ ಪಕ್ಕ ಹಳೆಯ ಧೋತರ ಹಾಸಿ ಅವನ್ನು ಸಂಡಿಗೆಯಂತೆ ಹರವಿ ಒಣಗಿಸಿದಿರಿ. ಅಲ್ಲಿಂದ ನಿಮ್ಮ ವ್ಯವಸ್ಥೆ ಶುರುವಾಯಿತು. ಬೆಳಗಾವಿಯಿಂದ ಯಾರೇ ಬಂದರೂ ಅಲ್ಲಿನ ಹಾಲಿನ ಸಿಹಿ ಕುಂದಾ ತರುತ್ತಿದ್ದರು. ಕುಂದಾ ಬಂದವರಿಗೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ನಿಮಗೆ. ಸೀಗೆಪುಡಿಯಲ್ಲಿ ತಿಕ್ಕಿ, ಬಿಸಿಲಿಗಿಟ್ಟು, ತುಪ್ಪದ ವಾಸನೆ ಪೂರ್ತಿ ಹೋದ ಮೇಲೆಯೇ ತುಕಡಿಗಳಿಗೆ ಒಳಗೆ ಪ್ರವೇಶ. ತಳದಲ್ಲಿ ಒಣಗಿದ ಬೇವಿನೆಲೆ. ಮೂಲೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಚಿಟಿಕೆ ಅಕ್ಕಿ, ಪಸೆ ಹೀರಲು. ತುಂಬುವ ಮುಂಚೆ ಸಾಣಿಗೆಯಲ್ಲಿ ಆಡಿಸಿ ರಟ್ಟಿನ ಪುಡಿ ಉದುರಿಸಬೇಕು. ಆಮೇಲೆ ನಾನು ತಂದ ಹೊಸ ಚಿತ್ರಗಳಿಗೂ ಅದೇ ನಿಯಮ: ಒಂದು ಚಿತ್ರಕ್ಕೆ ಒಂದು ಡಬ್ಬಿ, ಮುಚ್ಚಳದ ಮೇಲೆ ಅದೇ ಚಿತ್ರವನ್ನು ಕತ್ತರಿಸಿ ಅಂಟಿಸಬೇಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕೋಣ ಎಂದು ನಾನು ಹೇಳಿದ್ದಕ್ಕೆ ನೀವು, "ಪರೀಕ್ಷಾದಾಗ ಕಾಪಿ ಹೊಡದಂಗ ಆತು" ಅಂದಿರಿ. ಎಲ್ಲಕ್ಕಿಂತ ದೊಡ್ಡ ಕಟ್ಟಪ್ಪಣೆ ಬೇರೆಯೇ ಇತ್ತು. ಡಬ್ಬಿಯನ್ನು ಯಾವತ್ತೂ ಬೋರಲು ಹಾಕಿ ಸುರಿಯಕೂಡದು. "ಕೈ ಹಾಕಿ ತಗೀಬೇಕು. ಸುರದ್ರ ಮೂಲೀ ಮುರೀತಾವು."

ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ನಾವು ಬೆಳಗಾವಿಗೆ ಹೋದ ಮೇಲೆ, ಪ್ರತಿ ಪಂಚಮಿಗೆ ಬಂದಾಗ ಸಾಲುಮನೆಗಳ ನಮ್ಮ ಚಾಳಿನ ಕಟ್ಟೆಯ ಮೇಲೆ ನಡೆಯುತ್ತಿದ್ದ ಸಭೆಗಳೂ ಕಣ್ಣ ಮುಂದಿವೆ. ಹೊರಗೆ ಜಡಿಮಳೆ, ಒಳಗೆ ರೊಟ್ಟಿ ಬಡಿಯುವ ದೊಡ್ಡ ಹಲಗೆಯ ಸುತ್ತ ನೀವೆಲ್ಲ. ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಪಕ್ಕದ ಮನೆಯ ದುಂಡಪ್ಪ ಕಾಕಾ, ಬ್ಲೌಸ್ ಹೊಲಿಯುವ ಎದುರು ಮನೆಯ ಸುಶೀಲಾ ವೈನಿ, ನೀವು, ನಾನು. ನಿಮ್ಮ ಮಗ ಬರುತ್ತಿದ್ದರು, ಒಂದೆರಡು ತುಕಡಿ ಒತ್ತಿ ನೋಡಿ ಎದ್ದು ಹೋಗುತ್ತಿದ್ದರು. "ನನ್ನ ಮಗಾ ಅರ್ಧಾ ತಾಸಿನ ಗಿರಾಕಿ" ಎಂದು ನೀವು ನಗುತ್ತಿದ್ದಿರಿ. ನಾನು ಆಕಾಶದ ತುಕಡಿಗಳನ್ನು ಹಿಡಿದುಕೊಂಡು ಕೂತಿರುತ್ತಿದ್ದೆ. ಎಲ್ಲ ಒಂದೇ ನೀಲಿ, ಯಾರಿಗೂ ಬೇಡವಾದದ್ದು.

"ಆಕೀಗೇ ಬಿಡ್ರಿ ಅದನ್ನ," ಅಂದಿರಿ ಒಮ್ಮೆ. "ಕವಿತಾ ಓದಾಕಿ. ಏನೂ ಇಲ್ಲದ ಜಾಗಾ ನೋಡ್ಕೋಂತ ತಾಸಗಟ್ಲೆ ಕುಂದ್ರತಾಳ."

ಎಲ್ಲರೂ ನಕ್ಕರು. ಕಾಕಾ ಅವರ ಕೈಯಲ್ಲಿದ್ದ ಚಹಾ ಚೆಲ್ಲಿತು. ಅದು ಬೈಗುಳವೋ ಹೊಗಳಿಕೆಯೋ ಎಂದು ನಾನು ಆ ರಾತ್ರಿ ಬಸ್ಸಿನಲ್ಲಿ ಬೆಳಗಾವಿ ಮುಟ್ಟುವವರೆಗೆ ಯೋಚಿಸಿದೆ.

ಮೊಣಕಾಲು ಕೈಕೊಟ್ಟ ಮೇಲೆ ನೀವು ಬೆಳಗಾವಿಯ ಜೈಲಿರುವ ಹಿಂಡಲಗಾದ ನಮ್ಮ ಮನೆಗೆ ಬಂದ ದಿನ, ಬಟ್ಟೆಯ ಚೀಲಕ್ಕಿಂತ ಮೊದಲು ಇಳಿದದ್ದು ತುಕಡಿಗಳ ಟ್ರಂಕು. ಇಳಿದ ತಕ್ಷಣ ಸುಶೀಲಾ ವೈನಿಗೆ ಫೋನು. "ಹಿಂಡಲಗಾಕ ಬಂದೀನಿ ಅಂದ್ರ ಮಂದಿ ಏನ್ ತಪ್ಪ ಮಾಡಿದ್ರಿ ಅಂತಾರವಾ. ಜೈಲಿಗಲ್ಲ, ಮಗನ ಮನಿಗೆ ಅಂತ ನೀನ ಎಲ್ಲಾರಿಗೂ ಹೇಳು." ಆ ನಗು ಕೇಳಿ ನಮಗೂ ಸಮಾಧಾನವಾಯಿತು. ನೀವು ಇಲ್ಲಿ ಒಗ್ಗುತ್ತೀರಿ ಅಂದುಕೊಂಡೆವು. ಒಗ್ಗಿದಿರಿ ಕೂಡ. ಆದರೆ...

ಆದರೆ ಕೊನೆಯ ಚಳಿಗಾಲದಲ್ಲಿ ನಾನು ಕಾಲೇಜಿನಿಂದ ಬಂದಾಗ ಕಂಡ ನೋಟ. ನಿಮ್ಮ ಮಂಚದ ಮೇಲೆ ಮೂರು ಡಬ್ಬಿ ತೆರೆದಿದ್ದವು: ಹಿಮದ ಬೆಟ್ಟ, ದೋಣಿಗಳ ಬಂದರು, ಹೂವಿನಂಗಡಿಗಳ ಬೀದಿ. ನೀವು ಇದರಿಂದ ತೆಗೆದು ಅದಕ್ಕೆ, ಅದರಿಂದ ತೆಗೆದು ಬೇರೆ ಖಾಲಿ ಡಬ್ಬಿಗಳಿಗೆ ಹಾಕುತ್ತಿದ್ದಿರಿ. ಒಂದು ಚಿತ್ರದ ಒಂದು ತುಕಡಿ ಇನ್ನೊಂದು ಡಬ್ಬಿಗೆ ಹೋದರೆ ಮನೆಯನ್ನೇ ತಲೆಕೆಳಗು ಮಾಡುತ್ತಿದ್ದ ನೀವು! ಮುಚ್ಚಳದ ಮೇಲಿನ ಚಿತ್ರಗಳನ್ನೂ ಕಿತ್ತು ತೆಗೆದಿದ್ದಿರಿ. "ಅತ್ತೀ, ಒಂದರಾಗ ಒಂದು ಕಲೀತಾವಲ್ರೀ ಎಲ್ಲಾ," ಅಂದೆ. ನೀವು ಕತ್ತೆತ್ತಿ ನನ್ನನ್ನು ನೋಡಿ, "ಕಲೀಲಿ ಬಿಡು" ಅಂದಿರಿ. ಸಂಜೆ ಇದನ್ನು ಕಂಡ ನಿಮ್ಮ ಮಗನ ಮುಖ ಸಪ್ಪಗಾಯಿತು. "ಅವ್ವಗ ಮರವು ಬಂದೈತಿ ಶಶೀ," ಎಂದು ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದರು.

ಡಾಕ್ಟರ ಹತ್ತಿರ ಹೋದದ್ದೂ ಅದಕ್ಕೇ. ಆ ಎಳೆಯ ಡಾಕ್ಟರು ಬಾಗಿ, "ಅಜ್ಜಿ, ಇವತ್ತು ಯಾವ ವಾರ?" ಎಂದು ಕೇಳಿದರು.

"ನಿನ್ನ ಹಿಂದ ಗ್ವಾಡಿ ಮ್ಯಾಲ ಕ್ಯಾಲೆಂಡರ್ ಐತಲ್ಲೋ ತಮ್ಮಾ. ನಿನಗ ಕಾಣಂಗಿಲ್ಲೇನು? ಡಾಕ್ಟರ ಆಗಿ ಕಣ್ಣ ತೋರಿಸ್ಕೋ."

ಡಾಕ್ಟರು ನಕ್ಕರು, ನಾವೂ ನಕ್ಕೆವು. ಆದರೆ ರಿಕ್ಷಾದಲ್ಲಿ ಬರುವಾಗ ನನಗೆ ಹೊಳೆಯಿತು. ನೀವು ವಾರ ಹೇಳಲೇ ಇಲ್ಲ. ಗೊತ್ತಿದ್ದು ಹೇಳಲಿಲ್ಲವೋ, ಗೊತ್ತಿಲ್ಲದ್ದನ್ನು ನಗೆಯಲ್ಲಿ ಮುಚ್ಚಿದಿರೋ? ನಿಮ್ಮನ್ನು ಬಲ್ಲವರಿಗೆ ಎರಡೂ ಸಾಧ್ಯವೆನಿಸುತ್ತಿತ್ತು.

ಮತ್ತೆ ಆ ಇನ್ನೊಂದು ಮಧ್ಯಾಹ್ನ. ಅದನ್ನು ಈ ಮಳೆಗಾಲದವರೆಗೆ ನಿಮ್ಮ ಮಗನಿಗೂ ಹೇಳಿರಲಿಲ್ಲ. ನಾನು ಚಹಾ ತಂದಿದ್ದೆ. ನೀವು ಮುಚ್ಚಳ ಬಿಗಿದ ಒಂದು ಡಬ್ಬಿಯನ್ನು ನನ್ನ ಕೈಗಿತ್ತು, ನನ್ನ ಮುಖವನ್ನೇ ನೋಡುತ್ತ, "ಸುಶೀಲಾ" ಅಂದಿರಿ. ಅಷ್ಟೇ. ನಾನು ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೆಸರು ಮರೆತರೆ ಮರೆಯಲಿ, ವಯಸ್ಸು ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಆಗಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಹಲಗೆಯ ಸುತ್ತ ಕೂತವರಲ್ಲವೇ ನಾವು? ನನ್ನನ್ನೇ ಕಳಚಿ ಬೇರೆ ಡಬ್ಬಿಗೆ ಹಾಕಿಬಿಟ್ಟಿರಾ ಎನಿಸಿತು.

ನಿಮ್ಮನ್ನು ಮಣ್ಣಿಗಿಟ್ಟು ಬಂದ ದಿನ ಕೈಗೆ ಮೆತ್ತಿದ ವಿಭೂತಿ ತೊಳೆಯಲು ಮನಸ್ಸಾಗದೆ ಹಾಗೇ ಕೂತಿದ್ದೆ. ನೆಂಟರು ಹೋದ ಮೇಲೆ ಟ್ರಂಕು ಮಂಚದ ಕೆಳಗೆ ಸರಿಯಿತು. ಹೋದ ವರ್ಷದ ಪಂಚಮಿಗೂ ಯಾರೂ ತೆರೆಯಲಿಲ್ಲ. ಈ ಸಲದ ಮಳೆ ಹಿಡಿದ ಮೇಲೆ ನಿಮ್ಮ ಮಗ ಅದನ್ನು ಹೊರಗೆಳೆದು, "ಒಳಗ ಪಸಿ ಕೂತಿರತೈತಿ. ಎಲ್ಲಾ ಕಲತ ಹೋಗ್ಯಾವ. ರದ್ದಿಯವಗ ಕೊಟ್ಟಬಿಡೂಣು. ನೋಡಿದಾಗೆಲ್ಲಾ ಅವ್ವನ ಆ ಸ್ಥಿತಿ ನೆನಪಾಕ್ಕೈತಿ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೂ ಆ ಡಬ್ಬಿಗಳೆಂದರೆ ನೀವು ನನ್ನನ್ನು ಮರೆತದ್ದಕ್ಕೆ ಸಾಕ್ಷಿ. ಆದರೂ, ಕೊಡುವ ಮುಂಚೆ ಒಮ್ಮೆ ಮೂರೂ ಚಿತ್ರಗಳನ್ನು ಬೇರೆ ಮಾಡಿ ನೋಡುತ್ತೇನೆ ಅಂದೆ. ಕಷ್ಟವೇನಿಲ್ಲ. ಮೂರರ ಬೆನ್ನಿನ ಬಣ್ಣವೂ ಬೇರೆ ಬೇರೆ: ಬೂದು, ನೀಲಿ, ಕಂದು. ಎಲ್ಲವನ್ನೂ ಒಟ್ಟಿಗೆ ಸುರಿದು ಬೋರಲು ಹಾಕಿ ಆರಿಸಿದರಾಯಿತು.

ಮೊರ ತಂದು ಮೊದಲ ಡಬ್ಬಿಯನ್ನು ಅದರ ಮೇಲೆ ಬಗ್ಗಿಸಿದೆ. ಆಗ ನಿಮ್ಮ ಕಟ್ಟಪ್ಪಣೆ ನೆನಪಾಯಿತು. ಅಲ್ಲ, ನೆನಪಾದದ್ದು ನನಗಲ್ಲ, ನನ್ನ ಕೈಗೆ. ಅದು ತಾನಾಗಿ ಡಬ್ಬಿಯನ್ನು ನೆಟ್ಟಗೆ ಮಾಡಿ ಒಳಗೆ ಇಳಿಯಿತು. ಬೇವಿನೆಲೆ ಗರಿಗರಿ, ಅಕ್ಕಿಯ ಗಂಟು ಮೂಲೆಯಲ್ಲಿ. ಬೆರಳಿಗೆ ಒಂದು ನೆಟ್ಟನೆಯ ಅಂಚು ಸಿಕ್ಕಿತು. ಇನ್ನೊಂದು ತೆಗೆದೆ, ಅದಕ್ಕೂ ನೆಟ್ಟನೆಯ ಅಂಚು. ಮತ್ತೊಂದು, ಮತ್ತೊಂದು... ಮೂರೂ ಚಿತ್ರಗಳ ಅಂಚಿನ ತುಕಡಿಗಳೆಲ್ಲ ಅದೊಂದರಲ್ಲೇ ಇದ್ದವು! ಸುರಿದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಎರಡನೆಯ ಡಬ್ಬಿಗೆ ಕೈ ಹಾಕಿದೆ. ಹೂವು, ದೋಣಿಯ ಪಟ, ಬೆಟ್ಟದ ತಪ್ಪಲಿನ ಹಂಚಿನ ಮಾಡು: ಕೆಂಪು, ಗುಲಾಬಿ, ಕಿತ್ತಳೆ, ಬಣ್ಣ ಬಣ್ಣದ್ದೆಲ್ಲ. ಮೂರನೆಯದರಲ್ಲಿ ಕಾಗದದಲ್ಲಿ ಸುತ್ತಿದ ಸಣ್ಣ ಸಣ್ಣ ಪೊಟ್ಟಣಗಳು. ಬಿಚ್ಚಿದರೆ ಒಳಗೆ ಆಗಲೇ ಕೂಡಿಸಿದ ಕೈಯಗಲದ ಚೂರುಗಳು. ನಾಲ್ಕನೆಯದು... ನಾಲ್ಕನೆಯದರಲ್ಲಿ ಏನೂ ಇರಲಿಲ್ಲ ಅತ್ತೆ. ಬರೀ ಆಕಾಶ, ಬರೀ ನೀರು, ಬರೀ ಹಿಮ.

ಏನೂ ಇಲ್ಲದ ಜಾಗ! ಮಳೆಯಲ್ಲಿ ಕಟ್ಟೆಯ ಮೇಲೆ ಎಲ್ಲರೂ ನಕ್ಕ ನಗು ಕಿವಿಗೆ ಬಿತ್ತು. ಇದು ನನ್ನದು. ಹಾಗಾದರೆ ಬಣ್ಣದ್ದು? ದಿನವಿಡೀ ಸೀರೆಗೆ ಹೊಂದುವ ದಾರ ಹುಡುಕುವ ಸುಶೀಲಾ ವೈನಿಯದು. ಅವತ್ತು ನೀವು ನನ್ನ ಕೈಗಿತ್ತದ್ದು ಆ ಡಬ್ಬಿಯೇ ಇರಬೇಕು. ನೀವು ಹೇಳಿದ್ದು ನನ್ನ ಹೆಸರಲ್ಲ, ಡಬ್ಬಿಯ ಹೆಸರು! ನಾನು ನೆಲದ ಮೇಲೆ ಕೂತು ಗಟ್ಟಿಯಾಗಿ ನಗತೊಡಗಿದೆ. ನಿಮ್ಮ ಮಗ ಗಾಬರಿಯಾಗಿ ಬಂದರು. ಎಲ್ಲ ಹೇಳಿದೆ. ಅಂಚಿನದು ದುಂಡಪ್ಪ ಕಾಕಾ ಅವರದು, ಅವರ ಕಣ್ಣು ಮಂಜಾಗಿದೆ, ಆದರೆ ಅಂಚು ಬೆರಳಿಗೆ ಸಿಗುತ್ತದೆ ಅಂದೆ. ಅವರು ಪೊಟ್ಟಣಗಳ ಡಬ್ಬಿಯನ್ನು ಎತ್ತಿಕೊಂಡರು.

"ಮತ್ತ ಇದು ಯಾರದು? ಎಲ್ಲಾ ಕೂಡಿಸೇ ಇಟ್ಟಾಳ. ಇದರಾಗ ಉಳದದ್ದು ಅರ್ಧಾ ತಾಸಿನ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಎದ್ದು ಬಾಲ್ಕನಿಗೆ ಹೋದರು. ಡಬ್ಬಿ ಕೈಯಲ್ಲೇ ಇತ್ತು.

ಮರುದಿನ ಕಾಲೇಜಿನಲ್ಲಿ ಪಾಠ ಮಾಡುವಾಗ ಅನುಮಾನ ಮತ್ತೆ ತಲೆಯೆತ್ತಿತು. ಅರ್ಥ ಹುಡುಕುವುದೇ ನನ್ನ ಕಸುಬು. ಎರಡು ಸಾಲಿನ ನಡುವೆ ಕವಿ ಇಡದ ಅರ್ಥವನ್ನೂ ಹುಡುಕಿ ತೆಗೆಯುವವಳು ನಾನು. ನಿಮ್ಮ ಡಬ್ಬಿಗಳಲ್ಲೂ ಹಾಗೇ ಮಾಡುತ್ತಿದ್ದೇನೆಯೇ? ಮರೆವು ಬಂದವರೂ ಬಣ್ಣ ಬಣ್ಣವನ್ನು ಒಟ್ಟಿಗೆ ಇಡಬಹುದಲ್ಲ? ನೀವು ನನ್ನನ್ನು ಮರೆತಿರಲಿಲ್ಲ ಎಂದು ನಂಬುವ ಆಸೆ ನನ್ನಿಂದ ಈ ಕತೆ ಕಟ್ಟಿಸುತ್ತಿದ್ದರೆ? ಯಾರಿಗೂ ಏನೂ ಹೇಳದೆ ಡಬ್ಬಿಗಳನ್ನು ಖಾನಾಪುರಕ್ಕೆ ಒಯ್ದು ಅವರ ಮುಂದಿಡಬೇಕು, ಏನಾಗುತ್ತದೋ ನೋಡಬೇಕು ಎನಿಸಿತು.

ಮೊನ್ನೆ ಪಂಚಮಿಗೆ ಹೋದೆವು. ಚಾಳು ಹಾಗೇ ಇದೆ, ನಿಮ್ಮ ಮನೆಯಲ್ಲಿ ಈಗ ಬೇರೆಯವರು. ಸುಶೀಲಾ ವೈನಿ ಬಾಗಿಲಲ್ಲೇ, "ಬರ್ರಿ ಬರ್ರಿ, ಕುಂದರ್ರಿ. ಅಂತೂ ತಂದ್ರಿ?" ಅಂದರು. ಕೈಯಲ್ಲಿ ಕುಂದಾ ಇತ್ತು, ಅದನ್ನೇ ಕೇಳಿದರು ಅಂದುಕೊಂಡು ಕೊಟ್ಟೆ. ಆಮೇಲೆ ನಾಲ್ಕೂ ಡಬ್ಬಿಗಳನ್ನು ಅವರ ರೊಟ್ಟಿ ಹಲಗೆಯ ಮೇಲೆ ಸಾಲಾಗಿಟ್ಟು ಸುಮ್ಮನೆ ಕೂತೆ. ವೈನಿ ಮುಚ್ಚಳ ತೆಗೆದು ಇಣುಕಿದರು, ಒಂದನ್ನು ಮುಚ್ಚಿದರು, ಇನ್ನೊಂದನ್ನು ನೋಡಿ ತಮ್ಮ ಮಡಿಲಿಗೆ ಎಳೆದುಕೊಂಡರು. ಬಣ್ಣದ್ದು! ಆಗಲೇ ಬಂದು ಕೂತಿದ್ದ ದುಂಡಪ್ಪ ಕಾಕಾ ಮೊದಲು ಸಿಕ್ಕ ಡಬ್ಬಿಯಲ್ಲಿ ಕೈಯಾಡಿಸಿ, "ಇದು ನಂದಲ್ಲ, ಇದಕ್ಕ ಅಂಚ ಇಲ್ಲ, ಬರೇ ಹೊಟ್ಟಿ ಹೊಟ್ಟಿ," ಎಂದು ಪಕ್ಕಕ್ಕೆ ಸರಿಸಿದರು. ಅಂಚಿನ ಡಬ್ಬಿಗೆ ಕೈ ಹೋದದ್ದೇ ಅವರ ಬಾಯಿ ಅಗಲವಾಯಿತು.

"ಹಾಂ, ಬಂತ ನೋಡ್ರಿ ನಮ್ಮ ಕಂಪೌಂಡ್ ಗ್ವಾಡಿ. ಮೊದಲು ನಾ ಕಟ್ಟತೇನಿ, ಆಮ್ಯಾಲ ನೀವು ಒಳಗ ಮನಿ ಕಟ್ರಿ."

"ಕಾಕಾ, ಲಗೂ ಲಗೂ ಕಟ್ರಿ," ಅಂದರು ವೈನಿ. "ಹೋದ ಸಲಾ ನಿಮ್ಮ ಗ್ವಾಡಿ ಮುಗಿಯೂದ್ರಾಗ ನಮ್ಮ ಹೂವು ಬಾಡಿದ್ವು."

ಬೆನ್ನಿನ ಬಣ್ಣ ನೋಡಿ ಆರಿಸಿಕೊಂಡು ಹೂವಿನಂಗಡಿಗಳ ಬೀದಿಯನ್ನು ಕೂಡಿಸಿದೆವು. ಅತ್ತೆ, ನೀವು ನಂಬುವುದಿಲ್ಲ, ನಿಮ್ಮ ಮಗ ಏಳಲೇ ಇಲ್ಲ. ಅರ್ಧ ತಾಸಿನಲ್ಲಿ ಮುಗಿಯುವ ಅವರ ಪೊಟ್ಟಣಗಳನ್ನು ಮುಗಿಸಿ, ನನ್ನ ಆಕಾಶಕ್ಕೆ ಕೈ ಹಾಕಿದರು, ಬೈಸಿಕೊಂಡರು, ಮತ್ತೆ ಹಾಕಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿತ್ರ ಪೂರ್ತಿಯಾಯಿತು. ಕೊನೆಗೆ ಒಂದು ತುಕಡಿಯಾದರೂ ಕಡಿಮೆ ಬೀಳುತ್ತದೆ ಎಂದು ನಾನು ಒಳಗೊಳಗೇ ಸಿದ್ಧಳಾಗಿದ್ದೆ. ಒಂದೂ ಕಡಿಮೆ ಬೀಳಲಿಲ್ಲ. ಮರೆವಿನ ಕೈ ಇಷ್ಟು ಅಚ್ಚುಕಟ್ಟಾಗಿ ಹಂಚುತ್ತದೆಯೇ? ನಿಮ್ಮ ಪದ್ಧತಿಯಂತೆ ಒಂದು ಊಟವಾಗುವವರೆಗೆ ಚಿತ್ರವನ್ನು ಹಾಗೇ ನೋಡಿ, ಆಮೇಲೆ ಕಳಚಿದೆವು. ಪ್ರತಿ ಪಂಚಮಿಗೆ ತರುತ್ತೇನೆ, ಉಳಿದ ಚಿತ್ರಗಳನ್ನೂ. ಇದು ನಿಮಗೆ ನನ್ನ ಮಾತು.

ಹೊರಡುವಾಗ ಮಳೆ ನಿಂತಿತ್ತು. ನಿಮ್ಮ ಮಗ ಆಗಲೇ ಗಾಡಿಯ ಹತ್ತಿರ ಹೋಗಿದ್ದರು. ಮೆಟ್ಟಿಲಿಳಿದವಳು ತಿರುಗಿ, ತುಂಬ ಸಹಜವಾಗಿ ಎಂಬಂತೆ, ಕೇಳಿದೆ: "ವೈನಿ, ಈಗ ಮತ್ತ ಮೊದಲಿನಂಗ ಒಂದೊಂದು ಚಿತ್ರಾ ಒಂದೊಂದು ಡಬ್ಬ್ಯಾಗ ಹಾಕಿಡ್ಲೇನ್ರಿ?"

ಸುಶೀಲಾ ವೈನಿ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದರು. "ಅಯ್ಯ, ಹಂಗ ಮಾಡಬ್ಯಾಡ್ರಿ ಮತ್ತ! ನೀವು ಕಾಲೇಜಿಗೆ ಹೋದ ಮ್ಯಾಲ ನಿಮ್ಮ ಅತ್ತಿಯವರು ಫೋನ್ ಮಾಡಿದಾಗೆಲ್ಲಾ ಇದ ಮಾತು. 'ಚಿತ್ರಾ ನೋಡಿ ಇಡಬಾರದು ಸುಶೀಲಾ, ಕೂಡಸೂ ಮಂದೀನ ನೋಡಿ ಇಡಬೇಕು, ಪಂಚಮಿಗೆ ನನಗ ಬರಾಕ ಆಗಲಿಲ್ಲಂದ್ರ ನಮ್ಮ ಶಶಿ ತರತಾಳ, ಆಕಿಗಿ ಹೇಳತೀನಿ' ಅಂತಿದ್ರು. ದುಃಖದ ಮನಿಗೆ ಫೋನ್ ಮಾಡಿ ಆಟದ ಸಾಮಾನು ಹ್ಯಾಂಗ ಕೇಳೂದು ಅಂತ ನಾವ ಸುಮ್ಮನಿದ್ವಿ. ಖರೇನ ಹೇಳ್ರಿ, ಇಷ್ಟ ಯಾಕ ತಡಾ ಮಾಡಿದ್ರಿ?"